ಜೇಡರ ಬಲೆ ಮತ್ತು ಚಿನ್ನದ ಕಾಲ

ಕೆಲವು ತಿಂಗಳ ಹಿಂದೆ ಕಚೇರಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಉತ್ತರ ಭಾರತದ ಸಹೋದ್ಯೋಗಿಯೊಬ್ಬರು ತಮ್ಮ ಫೋನನ್ನು ನನ್ನ ಮುಂದೆ ಹಿಡಿದು, “ಇವರು ನಿಮ್ಮ ಭಾಷೆಯವರಲ್ಲವೇ?” ಎಂದು ಕೇಳಿದರು. ಪರದೆಯ ಮೇಲೆ ಡಾ. ರಾಜಕುಮಾರ್ ಇಂಗ್ಲಿಷ್ ಗೀತೆಯೊಂದನ್ನು ಹಾಡುತ್ತಿದ್ದರು. 1978ರಲ್ಲಿ ತೆರೆಕಂಡ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ಆ ಹಾಡು ಅಂತರ್ಜಾಲದಲ್ಲಿ ತಮಾಷೆಯ ತುಣುಕಾಗಿ ಕನ್ನಡದ ಗಡಿಯನ್ನು ದಾಟಿ ಹೋಗಿರುವುದು ಅನೇಕರಿಗೆ ತಿಳಿದ ಸಂಗತಿ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಮನುಷ್ಯ ಯಾರು, ಆ ಚಿತ್ರ ಯಾವ ಪರಂಪರೆಯ ಕೊನೆಯ ಕೊಂಡಿ ಎಂಬುದನ್ನು ಡಬ್ಬಿ ಮುಚ್ಚುವಷ್ಟರಲ್ಲಿ ಹೇಳಿ ಮುಗಿಸಲಾಗಲಿಲ್ಲ. ಅಂದು ಹೇಳದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊರೈ-ಭಗವಾನ್ ಜೋಡಿ ನಿರ್ದೇಶಿಸಿದ, ರಾಜಕುಮಾರ್ ಪತ್ತೇದಾರ ಪ್ರಕಾಶನಾಗಿ ನಟಿಸಿದ ಸಿ.ಐ.ಡಿ. 999 ಸರಣಿಯಲ್ಲಿ ನಾಲ್ಕು ಚಿತ್ರಗಳಿವೆ. 1968ರಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಒಂಬತ್ತು ವರ್ಷಗಳ ವಿರಾಮದ ನಂತರ ‘ಆಪರೇಷನ್ ಡೈಮಂಡ್ ರಾಕೆಟ್’. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ನಟಿ ಲಕ್ಷ್ಮಿ ಕನ್ನಡಕ್ಕೆ ಪರಿಚಯವಾದದ್ದು ಈ ಸರಣಿಯ ಎರಡನೆಯ ಚಿತ್ರದಿಂದ. ಮುಂದೆ ಹಿಂದಿಯಲ್ಲಿ ಮಹಾತಾರೆಯಾದ ರೇಖಾ, ‘ಸಾವನ್ ಭಾದೋಂ’ಗಿಂತ ಮೊದಲೇ ಮೂರನೆಯ ಚಿತ್ರದಲ್ಲಿ ರಾಜಕುಮಾರ್ ಅವರಿಗೆ ನಾಯಕಿಯಾಗಿದ್ದರು. ಮುಂಬಯಿಯಲ್ಲಿ ಈ ಸಂಗತಿಯನ್ನು ಹೇಳಿದಾಗ ನಂಬುವವರು ಕಡಿಮೆ.

ಕನ್ನಡ ಚಲನಚಿತ್ರದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಎರಡು ಎಳೆಗಳಲ್ಲಿ ಹೇಳಿಕೊಳ್ಳುತ್ತೇವೆ. ಒಂದು, ‘ಬೇಡರ ಕಣ್ಣಪ್ಪ’ದಿಂದ ‘ಬಂಗಾರದ ಮನುಷ್ಯ’ದವರೆಗಿನ ಪೌರಾಣಿಕ, ಐತಿಹಾಸಿಕ, ಸಾಂಸಾರಿಕ ಚಿತ್ರಗಳ ಎಳೆ. ಇನ್ನೊಂದು, 1970ರ ‘ಸಂಸ್ಕಾರ’ದಿಂದ ಆರಂಭವಾಗುವ ಹೊಸ ಅಲೆಯ ಎಳೆ. ನಮ್ಮ ಸಾಹಿತ್ಯ ಕೂಟಗಳಲ್ಲಿ ಎರಡನೆಯದರ ಬಗ್ಗೆ ಗೋಷ್ಠಿಗಳಾಗುತ್ತವೆ, ಮೊದಲನೆಯದರ ಬಗ್ಗೆ ಪ್ರೀತಿಯ ಮಾತುಗಳು ಬರುತ್ತವೆ. ಪತ್ತೇದಾರಿ ಚಿತ್ರಗಳು ಈ ಎರಡರಲ್ಲಿಯೂ ಸಲ್ಲದವು. ಬಾಂಡ್‌ನ ಅನುಕರಣೆ ಎಂಬ ಒಂದೇ ಮಾತಿನಲ್ಲಿ ಅವುಗಳ ಲೆಕ್ಕ ಚುಕ್ತಾ ಆಗಿಬಿಡುತ್ತದೆ.

ಅನುಕರಣೆ ಎಂಬುದು ಸುಳ್ಳಲ್ಲ. ‘ಡಾಕ್ಟರ್ ನೋ’ ಬಂದದ್ದು 1962ರಲ್ಲಿ. ಅದರ ಬೆನ್ನಿಗೇ ಇಡೀ ದೇಶದಲ್ಲಿ ಗೂಢಚಾರರ ಪರಂಪರೆ ಆರಂಭವಾಯಿತು. ತೆಲುಗಿನಲ್ಲಿ ಕೃಷ್ಣ ಅವರ ‘ಗೂಢಚಾರಿ 116’, ತಮಿಳಿನಲ್ಲಿ ಜೈಶಂಕರ್ ಅವರ ‘ವಲ್ಲವನ್ ಒರುವನ್’, ಎರಡೂ 1966ರವು. ಮರುವರ್ಷ ತೆಲುಗಿನದೇ ಕಥೆ ಹಿಂದಿಯಲ್ಲಿ ಜಿತೇಂದ್ರ ಅವರ ‘ಫರ್ಜ್’ ಆಯಿತು. ಕನ್ನಡಕ್ಕೆ ಸಂಖ್ಯೆ 999 ಆಗಿ ಬಂತು. ಆದರೆ ಕನ್ನಡ ಪ್ರೇಕ್ಷಕ ಖಾಲಿ ಕೈಯಲ್ಲಿ ಈ ಚಿತ್ರಗಳಿಗೆ ಹೋದವನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಷ್ಟರಲ್ಲಿ ಹಳ್ಳಿ ಹಳ್ಳಿಯ ಓದುಗರಿಗೆ ಪರಿಚಿತನಾಗಿದ್ದ. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಅಕ್ಷರ ಕಲಿತ ಮೊದಲ ತಲೆಮಾರಿನ ಎಷ್ಟೋ ಮಂದಿಗೆ ಓದಿನ ಚಟ ಹಿಡಿಸಿದ್ದು ಇಂಥ ಪುಸ್ತಕಗಳು. ‘ಜೇಡರ ಬಲೆ’ಯ ನೆಲವನ್ನು ಹದ ಮಾಡಿಟ್ಟವರಲ್ಲಿ ಫ್ಲೆಮಿಂಗ್‌ನಷ್ಟೇ ಇವರೂ ಇದ್ದಾರೆ.

ಈಗ ಚಿತ್ರದ ಕಥಾವಸ್ತುವಿಗೆ ಬರುತ್ತೇನೆ. ‘ಜೇಡರ ಬಲೆ’ಯಲ್ಲಿ ಖಳರು ಬೆನ್ನಟ್ಟುವುದು ಕ್ಷಿಪಣಿಯನ್ನಲ್ಲ, ಅಣುಬಾಂಬನ್ನೂ ಅಲ್ಲ. ಸಾಮಾನ್ಯ ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯೊಬ್ಬನ ಸೂತ್ರವನ್ನು. ಮೊದಲ ಸಲ ನೋಡಿದಾಗ ಇದು ನನಗೆ ಬಾಲಿಶವೆನಿಸಿತ್ತು. ಬಾಂಡ್‌ನ ವೈರಿಗಳು ಜಗತ್ತನ್ನೇ ಒತ್ತೆಯಿಡುವಾಗ ನಮ್ಮವರು ಇನ್ನೂ ಪರುಷಮಣಿಯ ಕಥೆಯಲ್ಲೇ ಇದ್ದಾರಲ್ಲ ಎಂದುಕೊಂಡಿದ್ದೆ. ಆ ಅಭಿಪ್ರಾಯ ಬದಲಾದದ್ದು ನನ್ನ ಅಜ್ಜನಿಂದ.

ಅಜ್ಜ ಉತ್ತರ ಕನ್ನಡದ ಕರಾವಳಿಯ ಅಕ್ಕಸಾಲಿಗ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ. ಜಗಲಿಯ ಮೂಲೆಯಲ್ಲಿ ಅಗ್ಗಿಷ್ಟಿಕೆ, ಊದುಗೊಳವೆ, ಒರೆಗಲ್ಲು, ಗುಲಗಂಜಿಯ ತೂಕ. 1963ರ ಜನವರಿಯಲ್ಲಿ ಈ ಜಗಲಿಗೆ ದೆಹಲಿಯಿಂದ ಒಂದು ಆಜ್ಞೆ ಬಂತು. ಚೀನಾ ಯುದ್ಧದ ಮರುತಿಂಗಳುಗಳವು. ವಿದೇಶಿ ವಿನಿಮಯ ಕರಗುತ್ತಿತ್ತು. ಜನರ ಚಿನ್ನದ ಮೋಹ ಕಳ್ಳಸಾಗಣೆಯನ್ನು ಸಾಕುತ್ತಿತ್ತು. ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಚಿನ್ನದ ನಿಯಂತ್ರಣವನ್ನು ತಂದರು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧವಾದ ಆಭರಣವನ್ನು ಹೊಸದಾಗಿ ಮಾಡುವಂತಿಲ್ಲ. 22 ಕ್ಯಾರೆಟ್‌ಗೆ ಪಳಗಿದ ಕೈಗೆ 14 ಕ್ಯಾರೆಟ್ ಎಂದರೆ ಬೇರೆಯದೇ ಲೋಹ. ಅದು ಗಡಸು, ಬಣ್ಣವೂ ಬೇರೆ. ಮದುವೆಗೆ ಅದನ್ನು ಮಾಡಿಸಿಕೊಳ್ಳಲು ಬರುವವರೂ ಇಲ್ಲ. ದೇಶದಾದ್ಯಂತ ಅಕ್ಕಸಾಲಿಗರ ಒಲೆಗಳು ಆರಿದವು. ಆತ್ಮಹತ್ಯೆಗಳ ಸುದ್ದಿಯೂ ಬಂತು. 1966ರಲ್ಲಿ ಕ್ಯಾರೆಟ್ಟಿನ ಮಿತಿ ಹೋಯಿತು. ನಿಯಂತ್ರಣ ಮಾತ್ರ ಉಳಿಯಿತು. 1968ರಲ್ಲಿ ಅದು ಸಂಪೂರ್ಣ ಕಾಯಿದೆಯೇ ಆಗಿ, 1990ರಲ್ಲಿ ರದ್ದಾಗುವವರೆಗೂ ಪರವಾನಗಿ, ಪ್ರಮಾಣಪತ್ರ, ಲೆಕ್ಕದ ಪುಸ್ತಕಗಳ ರೂಪದಲ್ಲಿ ನಡೆಯಿತು.

ಊರಿಗೆ ಬಂದ ಟೆಂಟಿನಲ್ಲಿ ಅಜ್ಜ ‘ಜೇಡರ ಬಲೆ’ ನೋಡಿದ್ದರಂತೆ. ಮುದುಕರಾದ ಮೇಲೂ ಆ ಚಿತ್ರದ ಮಾತು ಬಂದಾಗ ಅವರು ಹೇಳುತ್ತಿದ್ದದ್ದು ಒಂದೇ: “ಚಿನ್ನ ಮಾಡುವುದೇನು ಮಹಾ? ಮಾಡಿದ ಚಿನ್ನವನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾನೆ ಎಂದು ಆ ವಿಜ್ಞಾನಿಯನ್ನು ಯಾರೂ ಕೇಳಲಿಲ್ಲವಲ್ಲ!” ಮನೆಮಂದಿಯೆಲ್ಲ ನಗುತ್ತಿದ್ದೆವು. ಅದು ಹಾಸ್ಯವಷ್ಟೇ ಅಲ್ಲವೆಂದು ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು.

ಎಂ.ಎ. ಓದುವಾಗ ಪಠ್ಯಕ್ಕೆ ಹೊರತಾಗಿ, ತುಸು ಕಳ್ಳತನದಿಂದಲೇ, ಫ್ಲೆಮಿಂಗ್‌ನ ಕಾದಂಬರಿಗಳನ್ನು ಓದಿದ್ದೆ. 1959ರ ‘ಗೋಲ್ಡ್‌ಫಿಂಗರ್’ನಲ್ಲಿ ಸಿನಿಮಾ ಕೈಬಿಟ್ಟ ಒಂದು ಸಂಗತಿಯಿದೆ. ಅಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಅಧಿಕಾರಿಯೊಬ್ಬ ಬಾಂಡ್‌ಗೆ ಚಿನ್ನದ ಕಳ್ಳಸಾಗಣೆಯ ಪಾಠ ಹೇಳುತ್ತಾನೆ. ಆ ಚಿನ್ನ ಹೋಗಿ ಸೇರುವ ದೊಡ್ಡ ಮಾರುಕಟ್ಟೆ ಭಾರತ. ಖಳನಾಯಕ ತನ್ನ ಕಾರಿನ ಹೊದಿಕೆಯಲ್ಲಿ ಚಿನ್ನವನ್ನು ಇಂಗ್ಲೆಂಡಿನಿಂದ ಹೊರಗೆ ಸಾಗಿಸಿ, ಅದನ್ನು ವಿಮಾನದ ಆಸನಗಳಾಗಿ ಎರಕ ಹೊಯ್ಯಿಸಿ ಇಂಡಿಯಾದತ್ತ ಹಾರಿಸುತ್ತಾನೆ. ಅಂತರರಾಷ್ಟ್ರೀಯವಾಗಿ ಔನ್ಸಿಗೆ 35 ಡಾಲರ್ ಎಂಬ ಅಧಿಕೃತ ದರವಿದ್ದ ಕಾಲದಲ್ಲಿ ನಮ್ಮಲ್ಲಿ ಬೆಲೆ ಬಹಳ ಮೇಲಿತ್ತು; ಅಂತರವೇ ಲಾಭ. ಫ್ಲೆಮಿಂಗ್‌ಗೆ ಭಾರತ ಒಂದು ಬೆಲೆಪಟ್ಟಿ ಮಾತ್ರ. ಆ ಚಿನ್ನವನ್ನು ಕಾಯಿಸಿ ಬಡಿಯುವ ಕೈಯಾಗಲಿ, ಮಗಳ ಮದುವೆಗೆ ಅದನ್ನು ಕೊಳ್ಳುವ ತಂದೆಯಾಗಲಿ ಅವನ ಪುಟಗಳಲ್ಲಿ ಕಾಣುವುದಿಲ್ಲ.

‘ಜೇಡರ ಬಲೆ’ಯನ್ನು ನೋಡಿದವರು ಆ ಕೊನೆಯಲ್ಲಿದ್ದವರು. ಐದು ವರ್ಷಗಳಿಂದ ಚಿನ್ನವೆಂಬುದು ಅಪರಾಧದ ಅಂಚಿನಲ್ಲಿದ್ದ ವಸ್ತುವಾಗಿತ್ತು. ಹಾಗಿರುವಾಗ, ಕಬ್ಬಿಣದಷ್ಟು ಸುಲಭವಾಗಿ ಚಿನ್ನ ಸಿಕ್ಕಿಬಿಟ್ಟರೆ ಎಂಬ ಕನಸನ್ನು ಚಿತ್ರ ಅವರ ಮುಂದಿಟ್ಟಿತು. ಜೊತೆಗೇ ಆ ಕನಸು ತಪ್ಪು ಕೈಗೆ ಸಿಕ್ಕರೆ ಎಂಬ ಭಯವನ್ನೂ ಇಟ್ಟಿತು. ನಿರ್ದೇಶಕರು ಕಾಯಿದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಥೆ ಹೆಣೆದರೆಂದು ನಾನು ಹೇಳುತ್ತಿಲ್ಲ. ಜನಪ್ರಿಯ ಕಥೆ ಹುಟ್ಟುವುದು ಹಾಗಲ್ಲ. ಗಾಳಿಯಲ್ಲಿ ಏನಿದೆಯೋ ಅದನ್ನು ಅದು ಉಸಿರಾಡುತ್ತದೆ. ಅಜ್ಜನ ಪ್ರಶ್ನೆಯಲ್ಲಿದ್ದುದೂ ಆ ಗಾಳಿಯೇ.

ಎರಡನೆಯ ಚಿತ್ರದ ಹೆಸರಿನಲ್ಲಿರುವ ಗೋವಾ ಕೂಡ ಬರಿಯ ಸಮುದ್ರತೀರದ ಸೊಗಸಿಗಾಗಿ ಬಂದದ್ದೆಂದು ನನಗೆ ಅನ್ನಿಸುವುದಿಲ್ಲ. ಕಾರವಾರದ ಕಡೆಯವರಿಗೆ ಅದರ ಅರ್ಥ ಬೇರೆ. 1961ರ ಡಿಸೆಂಬರ್‌ವರೆಗೆ ಅದು ಪೋರ್ಚುಗೀಸರ ನೆಲ. ನಮ್ಮ ತಾಲೂಕುಗಳ ಪಕ್ಕದಲ್ಲೇ ಇದ್ದ ವಿದೇಶ. ಗಡಿಯಾರ, ಮದ್ಯ, ಚಿನ್ನ ಆ ಗಡಿಯಿಂದ ಒಳಗೆ ನುಸುಳುತ್ತಿದ್ದ ಕಥೆಗಳನ್ನು ಕೇಳಿಯೇ ನಾವು ಬೆಳೆದದ್ದು. ವಿಮೋಚನೆಯಾಗಿ ಏಳು ವರ್ಷವೂ ತುಂಬಿರದಿದ್ದಾಗ ಕನ್ನಡದ ಪತ್ತೇದಾರನೊಬ್ಬ ಗೋವಾಕ್ಕೆ ಹೋಗುತ್ತಾನೆಂದರೆ, ಪ್ರೇಕ್ಷಕನ ಮನಸ್ಸಿನಲ್ಲಿ ಅರ್ಧ ಕಥೆ ಆಗಲೇ ಸಿದ್ಧವಾಗಿರುತ್ತಿತ್ತು.

ಇನ್ನೊಂದು ಕಾಕತಾಳೀಯವನ್ನೂ ಗಮನಿಸಬೇಕು. ಭಾರತದ ಹೊರದೇಶದ ಗೂಢಚರ್ಯೆಗೆಂದೇ ‘ರಾ’ ಸಂಸ್ಥೆ ಸ್ಥಾಪನೆಯಾದದ್ದು 1968ರ ಸೆಪ್ಟೆಂಬರಿನಲ್ಲಿ. ಅಂದರೆ ದೇಶಕ್ಕೆ ಅಂಥದೊಂದು ಪ್ರತ್ಯೇಕ ಸಂಸ್ಥೆ ರೂಪುಗೊಂಡ ವರ್ಷವೇ ಕನ್ನಡ ಚಿತ್ರರಂಗಕ್ಕೂ ತನ್ನ ಗೂಢಚಾರ ದೊರೆತಿದ್ದ. ಆದರೆ ಅವನಿಗೆ ಇಡಲು ಜನರಿಗೆ ಗೊತ್ತಿದ್ದ ಹೆಸರು ಒಂದೇ, ಬ್ರಿಟಿಷರ ಕಾಲದಿಂದ ಕೇಳಿಬಂದ ಸಿ.ಐ.ಡಿ. ಪೊಲೀಸ್ ಠಾಣೆಯೆಂದರೆ ಹಿಂದೆ ಸರಿಯುವ ಜನ, ಅದೇ ಸರ್ಕಾರದ ಇನ್ನೊಂದು ಮುಖವನ್ನು ರಾಜಕುಮಾರ್ ಅವರಲ್ಲಿ ಕಂಡು ಶಿಳ್ಳೆ ಹೊಡೆದರು. ಏಳು ವರ್ಷಗಳ ನಂತರ, 1975ರಲ್ಲಿ, ಮುಂಬಯಿಯ ‘ದೀವಾರ್’ನಲ್ಲಿ ಶಿಳ್ಳೆ ಬಿದ್ದದ್ದು ಹಡಗುಕಟ್ಟೆಯ ಕೂಲಿಯಾಗಿದ್ದು ಕಳ್ಳಸಾಗಣೆಗೆ ಇಳಿದ ಅಣ್ಣನಿಗೆ, ಸರ್ಕಾರದ ಸಮವಸ್ತ್ರ ತೊಟ್ಟ ತಮ್ಮನಿಗಲ್ಲ. ಈ ಏಳು ವರ್ಷಗಳಲ್ಲಿ ಏನು ಕಳೆದುಹೋಯಿತೆಂದು ತಿಳಿಯಬೇಕಾದರೆ ‘ದೀವಾರ್’ ಒಂದನ್ನೇ ನೋಡಿದರೆ ಸಾಲದು. ಅದಕ್ಕೂ ಮುಂಚಿನ ನಂಬಿಕೆಯ ಚಿತ್ರವನ್ನೂ ನೋಡಬೇಕು.

ರಾಜಕುಮಾರ್ ಅವರ ಬದುಕಿನಲ್ಲೂ ಇದು ವಿಶೇಷ ಘಟ್ಟ. ಅದೇ 1968ರಲ್ಲಿ ಅವರು ‘ಮಣ್ಣಿನ ಮಗ’ನೂ ಆಗಿದ್ದರು. ಒಂದು ಚಿತ್ರದಲ್ಲಿ ನೇಗಿಲು, ಇನ್ನೊಂದರಲ್ಲಿ ಪಿಸ್ತೂಲು. 1972ರಲ್ಲಿ ‘ಬಂಗಾರದ ಮನುಷ್ಯ’ ಬಂದಾಗ ಬಂಗಾರವೆಂಬುದು ಲೋಹವಾಗಿ ಉಳಿಯದೆ ಗುಣವಾಯಿತು. ಅದರ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾವ್ ಪತ್ತೇದಾರಿ ಕಾದಂಬರಿಗಳಿಂದಲೂ ಹೆಸರಾದವರು ಎಂಬುದನ್ನು ನಾವು ಮರೆಯುತ್ತೇವೆ. ದೊರೈ-ಭಗವಾನ್ ಅವರು ಕೂಡ ಪಿಸ್ತೂಲನ್ನು ಕೆಳಗಿಟ್ಟು ‘ಕಸ್ತೂರಿ ನಿವಾಸ’, ‘ಎರಡು ಕನಸು’, ‘ಬಯಲು ದಾರಿ’ಗಳತ್ತ ಹೊರಳಿದರು. ಅಲ್ಲಿಂದ ಮುಂದೆ ಅವರ ಹೆಸರು ಆ ಚಿತ್ರಗಳೊಂದಿಗೇ ಬೆಸೆದುಕೊಂಡಿತು. ಆದರೆ ಅವರಿಬ್ಬರೂ ಕೂಡಿ ನಿರ್ದೇಶನ ಆರಂಭಿಸಿದ್ದು ‘ಜೇಡರ ಬಲೆ’ಯಿಂದಲೇ. ದೊರೈರಾಜ್ ಮೂಲತಃ ಛಾಯಾಗ್ರಾಹಕರು. ಕಪ್ಪು-ಬಿಳುಪಿನಲ್ಲಿ ನೆರಳನ್ನು ಕಥೆಗೆ ದುಡಿಸಿಕೊಳ್ಳುವ ಆ ಕಣ್ಣನ್ನು ಈ ಚಿತ್ರದಲ್ಲಿ ಇಂದಿಗೂ ಕಾಣಬಹುದು.

ದೋಷಗಳನ್ನು ಮುಚ್ಚಿಡುವುದು ಸಲ್ಲದು. ಕಥೆಯ ಎಳೆ ಅಲ್ಲಲ್ಲಿ ಕಡಿಯುತ್ತದೆ. ಹಾಸ್ಯಪ್ರಸಂಗಗಳು ಓಟಕ್ಕೆ ತಡೆಯಾಗುತ್ತವೆ. ಹೆಣ್ಣು ಪಾತ್ರಗಳಿಗೆ ಬಾಂಡ್ ಚಿತ್ರಗಳಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚಿನದೇನೂ ಇಲ್ಲಿ ಸಿಕ್ಕಿಲ್ಲ. ಇವು ಮಹಾಕೃತಿಗಳೆಂಬ ವಾದ ನನ್ನದಲ್ಲ. ನನ್ನ ವಾದ ಇಷ್ಟೇ: ಒಂದು ಕಾಲದ ಜನ ಯಾವುದಕ್ಕೆ ಹೆದರಿದರು, ಯಾವುದಕ್ಕೆ ಆಸೆಪಟ್ಟರು ಎಂಬುದು ಅವರ ಶ್ರೇಷ್ಠ ಕೃತಿಗಳಷ್ಟೇ ಸ್ಪಷ್ಟವಾಗಿ ಇಂಥ ಚಿತ್ರಗಳಲ್ಲೂ ದಾಖಲಾಗುತ್ತದೆ. ಚಿನ್ನದ ನಿಯಂತ್ರಣದ ಬಗ್ಗೆ ಗೆಜೆಟ್ಟಿನಲ್ಲಿ ನಿಯಮಗಳಿವೆ, ಸಂಸತ್ತಿನಲ್ಲಿ ಚರ್ಚೆಗಳಿವೆ. ಟೆಂಟಿನೊಳಗೆ ಮರಳಿನ ಮೇಲೆ ಕುಳಿತ ಅಕ್ಕಸಾಲಿಗನ ಮನಸ್ಸು ಆ ಎರಡರಲ್ಲೂ ಇಲ್ಲ.

ಉಳಿಸಿಕೊಳ್ಳುವುದರಲ್ಲಿ ನಾವು ನಿಧಾನಿಗಳು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ ತಯಾರಾದದ್ದು ಇಲ್ಲೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದಾಗ ಜನ ಸಂಭ್ರಮದಿಂದ ನೋಡಿದರು. ಪ್ರೀತಿಗೆ ಪಾತ್ರವಾದ ಚಿತ್ರಗಳಿಗೆ ಹೀಗೆ ಮರುಹುಟ್ಟು ದೊರೆಯುತ್ತದೆ. ಗೌರವವಿಲ್ಲದ ಚಿತ್ರಗಳಿಗೆ ಒಂದು ಹಾಡಿನ ತುಣುಕು ಮಾತ್ರ ಉಳಿದೀತು, ಅದೂ ನಗಲು. ರಾಜಕುಮಾರ್ 2006ರಲ್ಲಿ ಹೋದರು, ಭಗವಾನ್ 2023ರಲ್ಲಿ. ನೆನಪಿನಿಂದ ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ.

ಅಜ್ಜನ ಕಸುಬು ಅಪ್ಪನಿಗೆ ಬರಲಿಲ್ಲ. ಅಜ್ಜನೇ ಅವನನ್ನು ಅಗ್ಗಿಷ್ಟಿಕೆಯ ಮುಂದೆ ಕೂರಿಸಲಿಲ್ಲ. ಓದಿ ನೌಕರಿ ಹಿಡಿ ಎಂದರು. ಅಪ್ಪ ಗುಮಾಸ್ತರಾದರು. ನಾನು, ಆ ಆಜ್ಞೆಯನ್ನು ಕಳಿಸಿದ ಅದೇ ಕೇಂದ್ರ ಸರ್ಕಾರದ ನೌಕರನಾಗಿ, ಮುಂಬಯಿಯಲ್ಲಿ ಕಡತಗಳ ನಡುವೆ ಕುಳಿತಿದ್ದೇನೆ. ಒರೆಗಲ್ಲೊಂದು ಮಾತ್ರ ನಮ್ಮ ಮನೆಯ ಕಪಾಟಿನಲ್ಲಿದೆ.

ಕಳೆದ ವಾರ ಆ ಸಹೋದ್ಯೋಗಿಯನ್ನು ಮನೆಗೆ ಕರೆದು ‘ಜೇಡರ ಬಲೆ’ಯನ್ನು ತೋರಿಸಿದೆ. ಸಂಭಾಷಣೆಯನ್ನು ನಾನು ಹಿಂದಿಯಲ್ಲಿ ಹೇಳುತ್ತಾ ಹೋದೆ. ಚಿನ್ನದ ಸೂತ್ರದ ಪ್ರಸಂಗ ಬಂದಾಗ ಅವರು ನಗಲು ಹೊರಟವರು ತಡೆದು, “ಯಾವ ವರ್ಷದ್ದು ಇದು?” ಎಂದರು. ಹೇಳಿದೆ. ಅವರ ತಾಯಿಯ ತವರು ಕಾನ್ಪುರದ ಅಕ್ಕಸಾಲಿಗರ ಮನೆತನವಂತೆ. ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ನಾವಿಬ್ಬರೂ ರಾತ್ರಿ ಬಹಳ ಹೊತ್ತಿನವರೆಗೆ ನಮ್ಮ ಅಜ್ಜಂದಿರ ಬಗ್ಗೆ ಮಾತಾಡಿದೆವು.