ಮುತ್ತತ್ತಿಯ ಕಾಡು, ಕಾವೇರಿಯ ಬಿಳಿಮೀನು

ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರುಗಳ ಮಾರ್ಗವಾಗಿ ಸುಮಾರು 100 ಕಿಲೋಮೀಟರು ಪ್ರಯಾಣ ಮಾಡಿದರೆ ಕಾವೇರಿಯ ದಡದ ಮುತ್ತತ್ತಿ ಸಿಕ್ಕುತ್ತದೆ. ಶಿವನಸಮುದ್ರದಲ್ಲಿ ಧುಮುಕಿದ ನದಿಯು ಇಲ್ಲಿ ಗುಡ್ಡಗಳ ನಡುವೆ ಬಂಡೆಗಳನ್ನು ಬಳಸಿಕೊಂಡು ಮೇಕೆದಾಟಿನ ಕಡೆಗೆ ಸಾಗುತ್ತದೆ. ಸೀತಾದೇವಿಯ ಮೂಗುತಿಯ ಮುತ್ತು ಮಡುವಿನಲ್ಲಿ ಬೀಳಲು ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂದೂ, ಅದರಿಂದ ಅವನಿಗೆ ಮುತ್ತೆತ್ತರಾಯನೆಂಬ ಹೆಸರಾಯಿತೆಂದೂ ಸ್ಥಳಪುರಾಣ. ಇದನ್ನು ಚರಿತ್ರೆಯೆಂದು ನಾವು ಹೇಳುವುದಿಲ್ಲ. ಆದರೆ ಇಲ್ಲಿಯ ಸುಳಿಗಳನ್ನು ಕಂಡವರಿಗೆ ಆ ಕಥೆ ಇಲ್ಲಿಯೇ ಹುಟ್ಟಿದುದು ಆಶ್ಚರ್ಯವಾಗಲಾರದು.

ಮುತ್ತತ್ತಿಯಿಂದ ಭೀಮೇಶ್ವರಿಯವರೆಗೆ ಹೊಳೆಯ ಬದಿಯಲ್ಲಿ ಹೊಳೆಮತ್ತಿಯ ಭಾರಿ ಮರಗಳು ನೀರಿನ ಮೇಲೆ ಬಾಗಿ ನಿಂತಿವೆ. ನೀರುನಾಯಿ, ಮೊಸಳೆ, ಆನೆ ಎಲ್ಲವೂ ಇರುವ ಕಾಡಾದ್ದರಿಂದ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲ್ನಡೆ ಸಲ್ಲದು. 1987ರಲ್ಲಿ ಈ ಸೀಮೆ ಕಾವೇರಿ ವನ್ಯಜೀವಿಧಾಮವಾಯಿತು.

ಆದರೆ ಈ ಕಾಡಿನ ಖ್ಯಾತಿಯು ದೂರದೇಶಗಳಿಗೆ ಹರಡಿದ್ದು ಒಂದು ಮೀನಿನಿಂದ. ನಮ್ಮ ಬೆಸ್ತರು ಬಿಳಿಮೀನೆಂದೂ, ಇಂಗ್ಲಿಷರು ಮಹಸೀರೆಂದೂ ಕರೆದ ಈ ಜಾತಿಯಲ್ಲಿ ಕಾವೇರಿಯದು ಬೆನ್ನಿನ ಮೇಲೆ ಗೂನುಳ್ಳದು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸನು 1873ರಲ್ಲಿ ಭಾರತದ ಗಾಳದ ಬೇಟೆಯನ್ನು ಕುರಿತು ಪುಸ್ತಕ ಬರೆದು, ಬಲದಲ್ಲಿ ಮಹಸೀರನ್ನು ತನ್ನ ದೇಶದ ಸಾಲ್ಮನ್ ಮೀನಿಗಿಂತ ಮೇಲೆ ಇಟ್ಟನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿಯ ಈ ನದೀಸಮೂಹದಲ್ಲಿ 120 ಪೌಂಡು ತೂಗುವ ಮೀನನ್ನು ಹಿಡಿದರು. ಮಣ ಭಾರದ ಮೀನು ರಾಗಿಹಿಟ್ಟಿನ ಉಂಡೆಗೆ ಮರುಳಾಗುವುದೆಂದರೆ ವಿನೋದವೇ ಸರಿ.

ಸ್ವಾತಂತ್ರ್ಯಾನಂತರ ಇದು ಬಹುಪಾಲು ಮರೆತುಹೋಗಿ, ಸಿಡಿಮದ್ದಿನಿಂದ ಮೀನು ಕೊಲ್ಲುವವರ ಕೈಗೆ ಹೊಳೆ ಸಿಕ್ಕಿತು. 1970ರ ದಶಕದ ಕೊನೆಗೆ ಮೂವರು ಆಂಗ್ಲ ಯುವಕರು ಬಂದು ಮತ್ತೆ ಹಿಡಿದು ತೋರಿಸಿದ ಮೇಲೆ ದಡದಲ್ಲಿ ಶಿಬಿರಗಳು ಎದ್ದವು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಬಿಟ್ಟುಬಿಡುವುದು ಅಲ್ಲಿಯ ನಿಯಮವಾಗಿತ್ತು. ಊರಿನವರೇ ಗಾಳದವರಿಗೆ ಹರಿಗೋಲು ಹಾಕಿ ದಾರಿ ತೋರಿದರು. ವನ್ಯಜೀವಿ ಕಾನೂನಿನ ಕಾರಣ 2012ರೊಳಗೆ ಗಾಳದಾಟ ನಿಂತಿತು.

ಚರಿತ್ರೆಯ ಅಭ್ಯಾಸಿಗಳಾದ ನಮಗೆ ಮೀನಿಗಿಂತಲೂ ಆ ಲೆಕ್ಕದ ಪುಸ್ತಕಗಳು ಬೆಲೆಯುಳ್ಳವಾಗಿ ತೋರುತ್ತವೆ. 1998ರಿಂದ 2012ರವರೆಗಿನ ಅವುಗಳನ್ನು ವಿಜ್ಞಾನಿಗಳು ಪರಿಶೀಲಿಸಲು, ಒಟ್ಟು ಮೀನು ಹೆಚ್ಚುತ್ತ, ಗೂನಿನ ಮೀನು ಮಾತ್ರ ಕರಗುತ್ತ ಬಂದುದು ಹೊರಪಟ್ಟಿತು. ಹೆಚ್ಚಿದ್ದು ಬೇರೆ ಸೀಮೆಯ ನೀಲಿ ರೆಕ್ಕೆಯ ಮಹಸೀರು. ನದಿಗೆ ಮೀನು ತುಂಬುವ ಸದುದ್ದೇಶದಿಂದ ಸಾಕಣೆಯ ತೊಟ್ಟಿಗಳಿಂದ ತಂದು ಬಿಟ್ಟದ್ದು. ಒಳ್ಳೆಯದೆಂದು ಮಾಡಿದ ಕಾರ್ಯವನ್ನು ನಾವು ಹಳಿಯಲಾರೆವು, ಆದರೆ ಮೂಲನಿವಾಸಿಗೆ ಜಾಗವಿಲ್ಲದಂತಾದುದು ನಿಜ. ಇನ್ನೂ ವಿಚಿತ್ರವೆಂದರೆ, ಒಂದೂವರೆ ಶತಮಾನ ಲೋಕವೇ ಹೊಗಳಿದ ಈ ಮೀನಿಗೆ ಖಚಿತವಾದ ಶಾಸ್ತ್ರೀಯನಾಮವೇ ಇರಲಿಲ್ಲ. ಕಾವೇರಿಗೆ ಸೇರುವ ಕೇರಳದ ಪಾಂಬಾರು ನದಿಯಲ್ಲಿ ಹಿಂದೆ ಗುರುತಿಸಿದ್ದ ಟಾರ್ ರೆಮಾದೇವಿಯೈ ಎಂಬುದೇ ಇದೆಂದು 2018ರಲ್ಲಿ ಸ್ಥಿರಪಟ್ಟಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.