ಬೈಸನ್ ಸಂರಕ್ಷಣಾ ಕಾನೂನು, ಯೆಲ್ಲೊಸ್ಟೋನ್

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಕಾಡು ಬೈಸನ್ ಹಿಂಡುಗಳಿಗಿರುವ ಕಾನೂನಿನ ರಕ್ಷಣೆ. 1872ರಲ್ಲಿ ಉದ್ಯಾನ ಸ್ಥಾಪನೆಯಾದರೂ ಕಳ್ಳಬೇಟೆಗೆ ತಕ್ಕ ಶಿಕ್ಷೆ ಇರಲಿಲ್ಲ. 1894ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ ಎಡ್ಗರ್ ಹೋವೆಲ್ ಎಂಬ ಬೇಟೆಗಾರನನ್ನು ಉದ್ಯಾನದಿಂದ ಹೊರಹಾಕುವುದಷ್ಟೇ ಸಾಧ್ಯವಾಯಿತು. ಆ ಸುದ್ದಿ ಎಬ್ಬಿಸಿದ ಆಕ್ರೋಶದ ಫಲವಾಗಿ ಅದೇ ವರ್ಷ ಮೇ 7ರಂದು ಲೇಸಿ ಕಾಯಿದೆ ಬಂದು, ಬೇಟೆಗೆ ದಂಡ ಹಾಗೂ ಸೆರೆವಾಸ ನಿಗದಿಯಾಯಿತು. ಆದರೂ 1902ರ ವೇಳೆಗೆ ಅಲ್ಲಿ ಸುಮಾರು ಎರಡು ಡಜನ್ ಬೈಸನ್‌ಗಳಷ್ಟೇ ಉಳಿದಿದ್ದವು. ಬಿಗಿ ಕಾವಲು, ಸಾಕಿದ ಹಿಂಡಿನ ನೆರವಿನಿಂದ ಸಂತತಿ ಈಗ ಸಾವಿರಗಟ್ಟಲೆಗೆ ಏರಿದೆ. 2016ರ ಕಾಯಿದೆ ಬೈಸನ್ ಅನ್ನು ರಾಷ್ಟ್ರೀಯ ಸಸ್ತನಿಯೆಂದು ಘೋಷಿಸಿತು; ಅದು ಗೌರವ ತಂದಿತೇ ಹೊರತು ಹೊಸ ರಕ್ಷಣೆಯನ್ನಲ್ಲ. ಚಳಿಗಾಲದಲ್ಲಿ ಮೇವು ಅರಸಿ ಮೊಂಟಾನಾ ರಾಜ್ಯಕ್ಕೆ ಇಳಿಯುವ ಹಿಂಡುಗಳಿಂದ ಜಾನುವಾರುಗಳಿಗೆ ಬ್ರುಸೆಲ್ಲೋಸಿಸ್ ರೋಗ ತಗಲುವ ಭೀತಿಯಿದೆ. ಅಲ್ಲಿ ಬೈಸನ್‌ಗಳು ಇಂದಿಗೂ ಸೆರೆಗೆ, ಗುಂಡಿಗೆ ಬಲಿಯಾಗುತ್ತವೆ. ಉದ್ಯಾನದ ಗಡಿಯಾಚೆಗೂ ರಕ್ಷಣೆ ವಿಸ್ತರಿಸುವುದು ಅತ್ಯಗತ್ಯ.