ಮಾಂಡವಿ ನದಿಯ ಸಂಜೆ ನೌಕಾವಿಹಾರ

ಗೋವಾದ ರಾಜಧಾನಿ ಪಣಜಿಯಲ್ಲಿ ಇಳಿಹೊತ್ತಿಗೆ ದೋಣಿ ಹತ್ತಿ, ಹಾಡು, ಕುಣಿತ, ಊಟಗಳೊಡನೆ ಮಾಂಡವಿ ನದಿಯ ಅಳಿವೆಯವರೆಗೆ ಹೋಗಿ ಮರಳುವ ವಿಹಾರ. ಸೂರ್ಯಾಸ್ತ ನೋಡಿ ಬರುವ ವಿಹಾರ ಸುಮಾರು ಒಂದು ಗಂಟೆಯದು. ರಾತ್ರಿಯೂಟ ಸೇರಿದ್ದು ಎರಡು ಗಂಟೆಯವರೆಗೂ ನಡೆಯುತ್ತದೆ. ಗೋವಾ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ದೋಣಿಯೂ ಖಾಸಗಿಯವರ ದೋಣಿಗಳೂ ಈ ಸೇವೆ ನೀಡುತ್ತವೆ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ರಜೆಗೆ ಹೋದವರಲ್ಲಿ ಬಹಳ ಮಂದಿಗೆ ಗೋವಾ ಎಂದರೆ ಕಡಲತೀರದ ಜೊತೆಗೆ ನೆನಪಾಗುವುದು ಈ ದೋಣಿಯೇ. ಆದರೆ ತಾವು ತೇಲಿದ ನೀರು ತಮ್ಮ ನಾಡಿನಲ್ಲೇ ಹುಟ್ಟಿದ ಮಹದಾಯಿ ಎಂಬುದನ್ನು ಅರಿತು ಹತ್ತುವವರು ಕಡಿಮೆ.

ಮಹದಾಯಿ ಹುಟ್ಟುವುದು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ದೇಗಾಂವ್ ಬಳಿಯ ಕಾಡಿನಲ್ಲಿ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿದರೆ, ಮಹದಾಯಿ ಪಶ್ಚಿಮಕ್ಕೆ ಇಳಿದು ಸುಮಾರು 80 ಕಿಲೋಮೀಟರ್ ಹಾದಿಯಲ್ಲೇ ಕಡಲು ಮುಟ್ಟುತ್ತದೆ. ದೂಧಸಾಗರ ಜಲಪಾತದ ನೀರೂ ಇದನ್ನೇ ಸೇರುತ್ತದೆ. ಗೋವಾದ ಬಯಲಿಗೆ ಬಂದ ಮೇಲೆ ಹೆಸರು ಮಾಂಡವಿ. ಕೆಳಭಾಗದಲ್ಲಿ ಇದು ಹೊಳೆಯೂ ಹೌದು, ಕಡಲೂ ಹೌದು: ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಬೇಸಿಗೆಯಲ್ಲಿ ಉಪ್ಪುನೀರು ಹತ್ತಾರು ಕಿಲೋಮೀಟರ್ ಒಳಕ್ಕೆ ಏರುತ್ತದೆ. ಆಗ ಪಣಜಿ ಎದುರಿನ ನೀರು ಕೈಯಲ್ಲಿ ಹಿಡಿದು ನಾಲಗೆಗೆ ಮುಟ್ಟಿಸಿದರೆ ಉಪ್ಪು. ವಿಹಾರದ ದೋಣಿ ಓಡಾಡುವುದು ಈ ಕೊನೆಯ ಕೆಲವೇ ಕಿಲೋಮೀಟರ್‌ಗಳಲ್ಲಿ.

ಧಕ್ಕೆಯಿಂದ ಅಳಿವೆಗೆ

ಹೆಚ್ಚಿನವರು ಹತ್ತುವ ಸಾಂತಾ ಮೋನಿಕಾ ಜೆಟ್ಟಿ ಮಾಂಡವಿ ಸೇತುವೆಗಳ ಬುಡದಲ್ಲಿದೆ. ಪಣಜಿಯ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ನಿಲ್ದಾಣದಲ್ಲಿ ಸಾಲಾಗಿ ನಿಂತ ಗೋವಾ ಸರ್ಕಾರಿ ಬಸ್ಸುಗಳ ಮೇಲೆ ‘ಕದಂಬ’ ಎಂದು ಬರೆದಿರುತ್ತದೆ. ಅದು ಗೋವೆಯ ಕದಂಬರ ಹೆಸರು. ಕನ್ನಡದಲ್ಲಿ ಶಾಸನ ಬರೆಸಿದ ಆ ಅರಸರಿಗೆ ಖಾನಾಪುರ ತಾಲ್ಲೂಕಿನ ಹಲಸಿಯೂ ರಾಜಧಾನಿಯಾಗಿತ್ತು. ನದಿಯ ಹುಟ್ಟೂ ಕೊನೆಯೂ ಒಂದೇ ಮನೆತನದ ಆಳ್ವಿಕೆಯಲ್ಲಿದ್ದ ಕಾಲವದು. ಆ ನೆನಪನ್ನು ಇಂದು ಬಸ್ಸಿನ ಹಲಗೆಯೊಂದು ಉಳಿಸಿಕೊಂಡಿದೆ.

ದೋಣಿಗಳು ಸಾಮಾನ್ಯವಾಗಿ ಎರಡು ಅಟ್ಟದವು. ಮೇಲಿನದು ತೆರೆದದ್ದು, ಅಲ್ಲಿ ಕುರ್ಚಿಗಳೂ ಸಣ್ಣ ವೇದಿಕೆಯೂ ಇರುತ್ತವೆ. ಕೆಳಗಿನದರಲ್ಲಿ ಊಟದ ವ್ಯವಸ್ಥೆ. ಧಕ್ಕೆ ಬಿಟ್ಟ ದೋಣಿ ಪಶ್ಚಿಮಕ್ಕೆ ಮುಖ ಮಾಡುತ್ತದೆ. ಎಡಕ್ಕೆ ಪಣಜಿ, ಬಲಕ್ಕೆ ಬೇತಿ, ವೆರೆಂ, ರೇಯಿಶ್ ಮಾಗುಶ್ ಹಳ್ಳಿಗಳ ತೆಂಗು, ಗುಡ್ಡ. ಅಳಿವೆ ಪಶ್ಚಿಮಕ್ಕೇ ತೆರೆದಿರುವುದರಿಂದ ಸೂರ್ಯ ಮುಳುಗುವುದು ದೋಣಿಯ ಮೂತಿಯ ನೇರಕ್ಕೆ. ನವೆಂಬರ್ ಕೊನೆಯಲ್ಲಿ ಇಲ್ಲಿ ಆರು ಗಂಟೆಯ ಆಸುಪಾಸಿಗೇ ಸೂರ್ಯಾಸ್ತ. ಜೂನ್, ಜುಲೈಯಲ್ಲಿ ಏಳು ದಾಟುತ್ತದೆ.

ಎಡದಂಡೆಯಲ್ಲಿ ಬೇಗನೆ ಕಾಣುವ ಹಳೆಯ ಸಚಿವಾಲಯದ ಕಟ್ಟಡದ ಮೂಲ ಬಿಜಾಪುರದ ಯೂಸುಫ್ ಆದಿಲ್ ಶಾಹ ಕಟ್ಟಿಸಿದ ಬೇಸಿಗೆ ಅರಮನೆ. ಪೋರ್ಚುಗೀಸರು ಅದನ್ನು ಮಾರ್ಪಡಿಸಿಕೊಂಡರು. ರೋಗರುಜಿನಗಳಿಂದ ಆಗಿನ ರಾಜಧಾನಿ ಹಳೆ ಗೋವಾ ಪಾಳುಬೀಳುತ್ತಿದ್ದಾಗ, 1759ರಲ್ಲಿ ಅವರ ವೈಸರಾಯ್ ಇಲ್ಲಿಗೆ ವಾಸ ಬದಲಿಸಿದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಆಮೇಲೂ ಪೋರ್ಚುಗೀಸರ ಬಾಯಲ್ಲಿ ಈ ಕಟ್ಟಡ ‘ಇದಲ್‌ಕಾಂವ್’ ಅರಮನೆಯೇ. ಆದಿಲ್ ಖಾನ್ ಎಂಬ ಹೆಸರು ಅವರ ನಾಲಗೆಯಲ್ಲಿ ಹೊರಳಿ ಹಾಗಾಯಿತು. ಗೋವಾ ವಿಧಾನಸಭೆ ಪರ್ವರಿಯ ಹೊಸ ಭವನಕ್ಕೆ ಹೋಗುವವರೆಗೂ ಇಲ್ಲೇ ಸೇರುತ್ತಿತ್ತು. ಕಟ್ಟಡದ ಪಕ್ಕದಲ್ಲಿ ಅಬೆ ಫರಿಯಾನ ಪ್ರತಿಮೆಯಿದೆ. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಸಂಮೋಹನ ವಿದ್ಯೆಯಿಂದ ಹೆಸರಾದ ಪಾದ್ರಿ ಆತ. ಅಲೆಕ್ಸಾಂಡರ್ ಡ್ಯೂಮಾ ತನ್ನ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಯ ಸೆರೆಯಾಳಿಗೆ ಕೊಟ್ಟಿದ್ದು ಇವನದೇ ಹೆಸರನ್ನು.

ಮುಂದೆ ಚಾರ್ಲ್ಸ್ ಕೊರೆಯಾ ವಿನ್ಯಾಸ ಮಾಡಿದ ಕಲಾ ಅಕಾಡೆಮಿ, ಅದರಾಚೆ ಮಿರಾಮಾರ್ ಮರಳದಂಡೆ. ಎದುರು ದಡದ ಗುಡ್ಡದ ಮೇಲೆ ರೇಯಿಶ್ ಮಾಗುಶ್ ಕೋಟೆ. ಅಲ್ಲಿಯೂ ಮೊದಲು ಬಿಜಾಪುರದವರ ಕಾವಲು ಠಾಣೆಯಿತ್ತು. ಪೋರ್ಚುಗೀಸರು 1551ರಲ್ಲಿ ಕೋಟೆ ಕಟ್ಟಿದರು. ಸೆರೆಮನೆಯಾಗಿ ಹಾಳಾಗಿದ್ದ ಅದನ್ನು ನಮ್ಮ ಕಾಲದಲ್ಲಿ ಅಚ್ಚುಕಟ್ಟಾಗಿ ದುರಸ್ತಿ ಮಾಡಿ, ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಅವರ ಚಿತ್ರಗಳನ್ನು ಒಳಗಿರಿಸಿದ್ದಾರೆ. ಇನ್ನೂ ಹೊರಗೆ, ನದಿ ಕಡಲಾಗುವಲ್ಲಿ, 1612ರ ಆಗ್ವಾದ ಕೋಟೆ. ದೋಣಿ ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗದೆ ಅಳಿವೆಯ ಒಳಗೇ ತಿರುಗುತ್ತದೆ. ಯಾಕೆ ತಿರುಗುತ್ತದೆ ಎಂಬುದಕ್ಕೆ ದೊಡ್ಡ ಕಥೆಯಿದೆ.

1510ರ ಹಸಿವು

ಮಾಂಡವಿಯ ಬಾಯಿಯಲ್ಲಿ ನೀರಿನಡಿ ಮರಳದಿಬ್ಬವಿದೆ. ಮಳೆಗಾಲದ ನೈಋತ್ಯ ಗಾಳಿಗೆ ಕಡಲು ಅದರ ಮೇಲೆ ಮುರಿದು ಬೀಳುತ್ತದೆ. ಕರಾವಳಿಯವರು ಅಳಿವೆ ಬಾಗಿಲು ಎನ್ನುವ ಜಾಗ ಇದೇ. ಜೂನ್‌ನಿಂದ ಕೆಲವು ತಿಂಗಳು ಆ ಬಾಗಿಲು ಮುಚ್ಚಿದ ಹಾಗೆಯೇ.

1510ರ ಆರಂಭದಲ್ಲಿ ಪೋರ್ಚುಗೀಸ್ ದಂಡನಾಯಕ ಅಫೊನ್ಸೊ ದ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಬಂದು ಅವನನ್ನು ಊರಿನಿಂದ ಹೊರಗಟ್ಟಿತು. ಹಡಗು ಹತ್ತಿದನೇನೋ ಸರಿ. ಮಳೆ ಹಿಡಿದಿತ್ತು, ಅಳಿವೆ ದಾಟಲು ಆಗಲಿಲ್ಲ. ಮುಂದೆ ಕಡಲು, ಹಿಂದೆ ಶತ್ರು, ಎರಡು ದಡದಲ್ಲೂ ಫಿರಂಗಿ. ಆಗಸ್ಟ್ ತನಕ ಆ ಹಡಗುಗಳು ಇದೇ ನೀರಿನಲ್ಲಿ ಸಿಕ್ಕಿಕೊಂಡವು. ಸುತ್ತ ಧೋ ಎಂದು ಮಳೆ, ಒಳಗೆ ಕಾಳು ಮುಗಿದ ಚೀಲಗಳು. ನಾವಿಕರು ಇಲಿಗಳನ್ನು ತಿಂದರೆಂದೂ ಪೆಟ್ಟಿಗೆಗಳ ತೊಗಲನ್ನು ಬೇಯಿಸಿದರೆಂದೂ ಪೋರ್ಚುಗೀಸ್ ವೃತ್ತಾಂತಗಳಲ್ಲಿದೆ. ಬಿಜಾಪುರದ ಕಡೆಯಿಂದ ಆಹಾರ ಕಳಿಸುವ ಮಾತು ಬಂದಾಗ ಅಲ್ಬುಕರ್ಕ್ ತನ್ನಲ್ಲಿ ಉಳಿದಿದ್ದ ಕೊನೆಯ ದ್ರಾಕ್ಷಾರಸ, ಬಿಸ್ಕತ್ತುಗಳನ್ನು ಎದುರಿಗಿಟ್ಟು, ಕೊರತೆಯೇ ಇಲ್ಲವೆಂದು ತೋರಿಸಿ ದೂತರನ್ನು ಹಿಂದಕ್ಕೆ ಕಳಿಸಿದನೆಂಬ ಕಥೆಯೂ ಅವುಗಳಲ್ಲಿದೆ. ಅಳಿವೆ ತೆರೆದೊಡನೆ ಹೊರಬಿದ್ದವನು ನವೆಂಬರ್‌ನಲ್ಲಿ ಮರಳಿ ಬಂದು, 25ರಂದು ಗೋವೆಯನ್ನು ಮತ್ತೆ ಗೆದ್ದ. ಆ ಆಳ್ವಿಕೆ 1961ರ ಡಿಸೆಂಬರ್‌ವರೆಗೆ, ನಾಲ್ಕೂವರೆ ಶತಮಾನ ನಡೆಯಿತು.

ಇಂದು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಪ್ರವಾಸಿಗರ ಕಾಲಡಿಯ ನೀರು ಆ ಹಸಿದ ಹಡಗುಗಳು ನಿಂತಿದ್ದ ನೀರೇ. ದೋಣಿಯ ಧ್ವನಿವರ್ಧಕ ಈ ಕಥೆಗೆ ಐದು ನಿಮಿಷ ಕೊಟ್ಟರೆ ವಿಹಾರದ ಬೆಲೆ ಇಮ್ಮಡಿಯಾದೀತು.

ಮರಳದಿಬ್ಬ ಇನ್ನೂ ಅಲ್ಲೇ ಇದೆ. ಮಳೆಗಾಲದಲ್ಲಿ ವಿಹಾರದ ದೋಣಿಗಳು ಅಳಿವೆಯ ಕಡೆ ಸುಳಿಯದೆ ಒಳನೀರಿನಲ್ಲೇ ಸುತ್ತು ಹಾಕುತ್ತವೆ. ಕಬ್ಬಿಣದ ಅದಿರು ಸಾಗಿಸುವ ಬಾರ್ಜ್‌ಗಳು ಆಗ ಆಗ್ವಾದ ದಾರಿ ಬಿಟ್ಟು, ಕುಂಭಾರಜುವೆ ಕಾಲುವೆ ಹಿಡಿದು ಜುವಾರಿ ನದಿಗೆ ಇಳಿದು ಮುರಗಾಂವ್ ಬಂದರು ಸೇರುವುದು ಹಳೆಯ ರೂಢಿ. 2017ರ ಜುಲೈನಲ್ಲಿ ಜೂಜಿನ ಹಡಗೊಂದು ಮಳೆಯ ನಡುವೆಯೇ ಒಳಬರಲು ಹೋಗಿ ಮಿರಾಮಾರ್ ಬಳಿ ಮರಳಿನಲ್ಲಿ ಕೂತುಬಿಟ್ಟಿತು.

ಸೇತುವೆ, ದೀಪ, ಜೂಜು

ಜೆಟ್ಟಿಯ ನೆತ್ತಿಯ ಮೇಲೆ ಮೂರು ಸೇತುವೆಗಳು ಹಾದುಹೋಗುತ್ತವೆ. ಇವುಗಳಿಗೂ ಮೊದಲು ಇಲ್ಲಿದ್ದ, 1970ರ ದಶಕದಲ್ಲಿ ಹೊಸತಾಗಿದ್ದ ನೆಹರೂ ಸೇತುವೆ 1986ರ ಜುಲೈ 5ರಂದು ಕುಸಿದುಬಿದ್ದಿತು. 1992ರಲ್ಲಿ ಹೊಸ ಸೇತುವೆ ತೆರೆಯುವವರೆಗೆ ಜನ ಮತ್ತೆ ಫೆರಿ ದೋಣಿಗಳನ್ನು ನೆಚ್ಚಿಕೊಳ್ಳಬೇಕಾಯಿತು. ಹಗ್ಗಗಳಿಂದ ತೂಗುಹಾಕಿದಂತೆ ಕಾಣುವ, ಎಲ್ಲಕ್ಕಿಂತ ಎತ್ತರದ ಅಟಲ್ ಸೇತು 2019ರ ಜನವರಿಯಲ್ಲಿ ಉದ್ಘಾಟನೆಯಾಯಿತು. ರಾತ್ರಿ ಅದರ ಬಣ್ಣದ ದೀಪಗಳು ನೀರಿನಲ್ಲಿ ಉದ್ದಕ್ಕೆ ಚಾಚಿಕೊಳ್ಳುತ್ತವೆ. ಮರಳುವ ದೋಣಿಯಿಂದ ಚೆಲುವಾಗಿ ಕಾಣುವ ನೋಟ ಅದು.

ಆ ನೋಟಕ್ಕೆ ಅಡ್ಡವಾಗಿ ಪಣಜಿಯ ಎದುರು ಜೂಜಿನ ಹಡಗುಗಳು ಲಂಗರು ಹಾಕಿ ನಿಂತಿವೆ. ಗೋವಾದ ಜೂಜು ಕಾಯ್ದೆಯ ತಿದ್ದುಪಡಿಯೊಂದು ನೀರಿನ ಮೇಲಿನ ಹಡಗುಗಳಲ್ಲಿ ಕ್ಯಾಸಿನೊ ನಡೆಸಲು ಅವಕಾಶ ಕೊಟ್ಟಿತು. ಇವು ನಿಂತಲ್ಲೇ ನಿಂತಿರುತ್ತವೆ. ಗಿರಾಕಿಗಳನ್ನು ಸಣ್ಣ ಲಾಂಚುಗಳಲ್ಲಿ ಕರೆದೊಯ್ಯುತ್ತಾರೆ. ಟಿಕೆಟ್ಟಿನಲ್ಲಿ ಊಟವೂ ಸೇರಿರುವುದರಿಂದ ಹೊಸಬರು ಇವನ್ನೂ ವಿಹಾರದ ದೋಣಿಗಳನ್ನೂ ಒಂದೇ ಎಂದು ತಿಳಿದು ಟಿಕೆಟ್ ಕೊಳ್ಳುವುದುಂಟು. ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಈ ಹಡಗುಗಳನ್ನು ನದಿಯಿಂದ ತೆಗೆಯಬೇಕೆಂದು ಪಣಜಿಯ ನಾಗರಿಕರು ವರ್ಷಗಳಿಂದ ಒತ್ತಾಯಿಸುತ್ತ ಬಂದಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಊರಿನ ಮುಖವೇ ನದಿಯ ಕಡೆಗಿರುವಾಗ, ಆ ಮುಖದ ಮುಂದೆ ರಾತ್ರಿಯಿಡೀ ಮಿನುಗುವ ಫಲಕ ಇಡಬಾರದು.

ವೇದಿಕೆ ಮತ್ತು ಊಟ

ವೇದಿಕೆಯ ಮೇಲೆ ಸಾಮಾನ್ಯವಾಗಿ ಮೂರು ಬಗೆಯ ಕುಣಿತ ಕಾಣಸಿಗುತ್ತದೆ: ಪೋರ್ಚುಗಲ್ಲಿನಿಂದ ಬಂದ ಜೋಡಿನೃತ್ಯ ಕೊರ್ರಿದಿನ್ಯೊ, ಹೆಂಗಸರು ಸುತ್ತು ಕಟ್ಟಿ ಕುಣಿಯುವ ಫುಗಡಿ, ದೇಶಿ ಹೆಜ್ಜೆಗೆ ಪಶ್ಚಿಮದ ರಾಗ ಹೊಂದಿಸಿದ ದೇಖಣಿ. ಎಲ್ಲರಿಗೂ ಗೊತ್ತಿರುವ ದೇಖಣಿ ಹಾಡೊಂದು ಹೊಳೆ ದಾಟುವುದರ ಬಗ್ಗೆಯೇ ಇದೆ. ದಾಮುವಿನ ಮದುವೆಗೆ ಹೋಗಬೇಕಾದ ನರ್ತಕಿ ಆಚೆ ದಡಕ್ಕೆ ಬಿಡೆಂದು ಅಂಬಿಗನನ್ನು ಬೇಡುತ್ತಾಳೆ, ಮೈಮೇಲಿನ ಒಡವೆ ಕೊಡುತ್ತೇನೆನ್ನುತ್ತಾಳೆ; ಅವನು ಬೇಡವೆನ್ನುತ್ತಾನೆ. ರಾಜ್ ಕಪೂರರ 1973ರ ‘ಬಾಬಿ’ ಚಿತ್ರದ ಮೂಲಕ ಇದರ ಧಾಟಿ ದೇಶವೆಲ್ಲ ಹಬ್ಬಿತು. ಆ ಹಾಡಿಗೆ ಇದಕ್ಕಿಂತ ಒಪ್ಪುವ ರಂಗ ಬೇರೆಲ್ಲೂ ಸಿಗದು. ಕುಣಿತ ಮುಗಿದ ಮೇಲೆ ಸಿನಿಮಾ ಹಾಡುಗಳ ಅಬ್ಬರ ಶುರುವಾಗಿ ಪ್ರೇಕ್ಷಕರನ್ನೂ ವೇದಿಕೆಗೆ ಕರೆಯುತ್ತಾರೆ. ಮಕ್ಕಳಿಗೆ ಅದೇ ಸಂಭ್ರಮ. ನದಿ ಬೇಕೆನಿಸಿದವರು ಆಗ ದೋಣಿಯ ಹಿಂಭಾಗದ ಕಟಾಂಜನಕ್ಕೆ ಹೋಗಿ ನಿಲ್ಲಬೇಕು.

ಊಟ ಬಹುಪಾಲು ಬಫೆ. ಪನೀರು, ನಾನ್, ಫ್ರೈಡ್ ರೈಸುಗಳು ಎಲ್ಲೆಡೆಯ ಹಾಗೆ ಇಲ್ಲಿಯೂ ಇರುತ್ತವೆ. ಅವನ್ನು ತಿನ್ನಲು ಮಾಂಡವಿಗೆ ಬರಬೇಕಿಲ್ಲ. ಗೋವಾದ ನಿಜವಾದ ಊಟವೆಂದರೆ ‘ಶಿತ್ ಕಡಿ’: ಕುಸುಬಲಕ್ಕಿ ಅನ್ನ, ತೆಂಗಿನಕಾಯಿ ಹಾಕಿದ ಮೀನುಸಾರು. ಜೊತೆಗೆ ರವೆಯಲ್ಲಿ ಹೊರಳಿಸಿ ಹುರಿದ ಬಂಗುಡೆ ಅಥವಾ ಅಂಜಲ್, ಗಸಗಸೆ ಮತ್ತು ಕಾಯಿ ಹುರಿದು ಅರೆದ ಶಾಕುತಿ, ವಿನಿಗರ್ ಹುಳಿಯ ವಿಂದಾಲು, ‘ಪೊಯಿ’ ಎಂಬ ಬ್ರೆಡ್ಡು. ಸೋಲ್ ಕಡಿ ನಮ್ಮವರಿಗೆ ಹೊಸದಲ್ಲ. ಉತ್ತರ ಕನ್ನಡದ ಮುರುಗಲು, ದಕ್ಷಿಣ ಕನ್ನಡದ ಪುನರ್ಪುಳಿಯದೇ ಹುಳಿ ಅದು. ಸಿಹಿಗೆ ಬೆಬಿಂಕ: ಮೊಟ್ಟೆಯ ಹಳದಿ, ಕಾಯಿಹಾಲು, ಸಕ್ಕರೆ, ಮೈದಾ ಸೇರಿಸಿದ ಹಿಟ್ಟನ್ನು ಪದರದ ಮೇಲೆ ಪದರವಾಗಿ ಸುಡುತ್ತಾರೆ. ಒಂದು ಪದರ ಬೆಂದ ಮೇಲೆಯೇ ಇನ್ನೊಂದು, ಅವಸರದ ಅಡುಗೆಯಲ್ಲ. ಗೋಡಂಬಿ ಹಣ್ಣಿನ ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಗೇರುಮರವನ್ನು ಬ್ರೆಜಿಲ್‌ನಿಂದ ತಂದವರು ಪೋರ್ಚುಗೀಸರು.

ಮೇಲಿನ ನೀರು, ಕೆಳಗಿನ ನೀರು

ಮಲಪ್ರಭೆಗೆ ಮಹದಾಯಿ ಕಣಿವೆಯ ನೀರು ತಿರುಗಿಸುವ ಕಳಸಾ–ಬಂಡೂರಿ ಯೋಜನೆಗಾಗಿ ನರಗುಂದ, ನವಲಗುಂದದ ರೈತರು ನಡೆಸಿದ ದೀರ್ಘ ಹೋರಾಟ ಕನ್ನಡಿಗರೆಲ್ಲರಿಗೂ ಗೊತ್ತು. 2018ರ ಆಗಸ್ಟ್‌ನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ನೀರು ಹಂಚಿತು. ಹುಬ್ಬಳ್ಳಿ–ಧಾರವಾಡದ ನಲ್ಲಿಗೆ ನೀರು ಬೇಕೆಂಬುದು ನಮ್ಮ ವಾದ. ಮೇಲಿನಿಂದ ಬರುವ ಸಿಹಿನೀರು ಕುಗ್ಗಿದರೆ ಉಪ್ಪು ಇನ್ನಷ್ಟು ಒಳಕ್ಕೇರಿ ಗದ್ದೆ, ಮೀನು, ಕಾಂಡ್ಲಾ ಕಾಡುಗಳು ಕೆಡುತ್ತವೆಂಬುದು ಗೋವಾದವರ ಭಯ. ಪತ್ರಿಕೆಯಲ್ಲಿ ಅಂಕಿಯಾಗಿ ಓದಿದ ಈ ವಿವಾದದ ಎರಡನೆಯ ತುದಿಯನ್ನು ಕಣ್ಣಾರೆ ನೋಡಲು ಕನ್ನಡಿಗನಿಗೆ ಇರುವ ಸುಲಭದ ದಾರಿ ಈ ವಿಹಾರ. ನೀರು ತುಂಬಿ ತುಳುಕುತ್ತಿರುವಂತೆ ಕಂಡರೂ, ಅದರಲ್ಲಿ ಎಷ್ಟು ಕಡಲಿನದು, ಎಷ್ಟು ಖಾನಾಪುರದ ಕಾಡಿನದು ಎಂಬ ಪ್ರಶ್ನೆ ಇಟ್ಟುಕೊಂಡು ನೋಡಬೇಕು.

ಹೋಗಲು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಾಲ ಹಿತ. ಮೇಲಂತಸ್ತಿನಲ್ಲಿ ಬಲಬದಿಯ ಕುರ್ಚಿ ಹಿಡಿದರೆ ಹೋಗುವಾಗ ರೇಯಿಶ್ ಮಾಗುಶ್ ಗುಡ್ಡ, ಬರುವಾಗ ಪಣಜಿಯ ದೀಪಗಳು ಎರಡೂ ಸಿಗುತ್ತವೆ. ಜೀವರಕ್ಷಕ ಅಂಗಿಗಳು ಎಲ್ಲಿವೆಯೆಂದು ಕುಳಿತೊಡನೆ ನೋಡಿಕೊಳ್ಳಿ. ಮಕ್ಕಳನ್ನು ಕಟಾಂಜನದ ಬಳಿ ಒಂಟಿಯಾಗಿ ಬಿಡಬೇಡಿ. ಮರುದಿನ ಬೆಳಿಗ್ಗೆ ಬಿಡುವಿದ್ದರೆ ಪಣಜಿಯಿಂದ ಬೇತಿಗೆ ಹೋಗುವ ಫೆರಿ ಹತ್ತಿ. ಮೀನು ಮಾರುವ ಹೆಂಗಸರು, ಕಚೇರಿಗೆ ಹೊರಟವರು, ಶಾಲೆಯ ಮಕ್ಕಳು ದಿನವೂ ದಾಟುವ ದೋಣಿ ಅದು. ನಡೆದು ಹತ್ತುವವರಿಗೆ ಅದರಲ್ಲಿ ಟಿಕೆಟ್ ಇಲ್ಲ.